ಕಾಗದ ಬಿಚ್ಚದ ಗಡಿಯಾರ

ಶಿಕ್ಷಕರ ದಿನ ಇಂದುಮತಿ ಟೀಚರ್ ಮೇಜಿನ ಮೇಲೆ ಎರಡು ಉಡುಗೊರೆಗಳು ಅಕ್ಕಪಕ್ಕ ಕುಳಿತವು. ಒಂದು, ಮಿರಮಿರ ಮಿಂಚುವ ಕಾಗದ ಹೊದ್ದ ಗೋಡೆ ಗಡಿಯಾರ. ಇನ್ನೊಂದು, ಅಜ್ಜಿಯ ಹಳೇ ಸೀರೆಯಲ್ಲಿ ಹೊಲಿದ ಡಸ್ಟರ್. ಟೀಚರ್ ಅಂಗೈಯಿಂದಲೇ ಬೋರ್ಡ್ ಒರೆಸಿ ಸೀನುವುದನ್ನು ನೋಡಲಾರದೆ ಮೂರನೇ ತರಗತಿಯ ತ್ರಿವೇಣಿ ತಂದದ್ದು.

"ಚಿಂದಿಯೇ, ಸ್ವಲ್ಪ ಆಚೆ ಸರಿ," ಎಂದಿತು ಗಡಿಯಾರ. "ನಾನು ಗೋಡೆಯೇರಿದರೆ ಇಡೀ ಮನೆ ನನ್ನ ಮುಖ ನೋಡಿಯೇ ಏಳಬೇಕು, ಉಣ್ಣಬೇಕು."

"ಆಗಲಿ ಸ್ವಾಮಿ, ನನಗೆ ಕೆಲಸವಿದೆ," ಎಂದ ಡಸ್ಟರ್ ಮೊದಲ ಪೀರಿಯಡ್ಡಿಗೇ ಬೋರ್ಡಿಗಿಳಿಯಿತು.

ಗಡಿಯಾರ ಟೀಚರ್ ಮನೆಗೆ ಹೋಯಿತು. ಅಲ್ಲಿ ಆಗಲೇ ಐದು ಗಡಿಯಾರಗಳಿದ್ದವು. ಹಾಗಾಗಿ ಅದು ಕಾಗದ ಬಿಚ್ಚಿಸಿಕೊಳ್ಳದೆ, ಹೆಸರಿನ ಚೀಟಿಯನ್ನಷ್ಟೇ ಬದಲಿಸಿಕೊಂಡು, ಪಕ್ಕದ ಬೀದಿಯ ಗೃಹಪ್ರವೇಶಕ್ಕೆ ಹೊರಟಿತು. 'ಹೊಸ ಮನೆ, ದೊಡ್ಡ ಗೋಡೆ!' ಎಂದು ಒಳಗೊಳಗೇ ಹಿಗ್ಗಿತು. ಅಲ್ಲಿಂದ ಒಂದು ಮದುವೆಗೆ, ಮದುವೆಯಿಂದ ಒಂದು ನಾಮಕರಣಕ್ಕೆ. ಹೋದಲ್ಲೆಲ್ಲ ಬೀರುವಿನ ಮೇಲೆಯೇ ವಾಸ. ಮೊಳೆಯ ಮುಖ ಕಂಡದ್ದೇ ಇಲ್ಲ.

ಮರುವರ್ಷ ಮತ್ತೆ ಶಿಕ್ಷಕರ ದಿನ ಬಂತು. ನಾಮಕರಣದ ಮನೆಯ ಹುಡುಗಿ ಅದನ್ನು ತಂದು ಇಂದುಮತಿ ಟೀಚರ್ ಕೈಗಿತ್ತಳು. "ಅಯ್ಯೋ, ಇದೆಲ್ಲ ಯಾಕಮ್ಮಾ!" ಎಂದ ಟೀಚರ್, ಕಾಗದದ ಗುರುತು ಹತ್ತಿ ಸುಮ್ಮನೆ ಕೆಮ್ಮಿದರು.

ಅಂಚು ಸವೆದು, ಮೈಯೆಲ್ಲ ಸೀಮೆಸುಣ್ಣವಾಗಿದ್ದ ಡಸ್ಟರ್ ಮೇಜಿನ ಮೂಲೆಯಿಂದ ತಲೆಯೆತ್ತಿತು. "ಓಹೋ, ಬನ್ನಿ ಸ್ವಾಮಿ! ಊರೆಲ್ಲ ಸುತ್ತಿ ಬಂದಿದ್ದೀರಿ. ಈಗ ಗಂಟೆ ಎಷ್ಟಾಯಿತು?"

ಗಡಿಯಾರಕ್ಕೆ ಇನ್ನೂ ಯಾರೂ ಸೆಲ್ ಹಾಕಿರಲಿಲ್ಲ.