ಅದು ಯಾರ ಮಾತು?

ಬೇವಿನಾಳ ಮಠದ ಪೂಜ್ಯ ಗುರುಶಾಂತ ಸ್ವಾಮಿಗಳಿಗೆ ದಾಸೋಹದ ಅಡುಗೆಮನೆಯೆಂದರೆ ಪೂಜಾಗೃಹಕ್ಕಿಂತ ಕಡಿಮೆಯೇನಲ್ಲ. ಅಂದು ಮುಂಜಾನೆಯೂ ಅವರು ಭಕ್ತರ ನಡುವೆ ಕುಳಿತು ಪುಂಡಿಸೊಪ್ಪು ಸೋಸುತ್ತಿದ್ದರು. ಆಗ ಊರ ಶಾಲೆಯ ಶಿಕ್ಷಕಿ ಚಂಪಾವತಿಯವರು ಶ್ರೀಗಳು ಬರೆದ ಪುಸ್ತಕವೊಂದನ್ನು ಹಿಡಿದು ಬಿರಬಿರನೆ ಒಳಬಂದರು.

ಅವರ ಸಿಟ್ಟಿಗೆ ಕಾರಣವಿತ್ತು. ಓದಿನಲ್ಲಿ ಬಹಳ ಚುರುಕಾಗಿದ್ದ ಸಾವಂತ್ರಿಯನ್ನು ಅವಳ ತಂದೆ ಮಲಕಾಜಪ್ಪ ಏಳನೆಯ ತರಗತಿಗೇ ಶಾಲೆ ಬಿಡಿಸಿದ್ದ. ಆ ಬೆಳಿಗ್ಗೆ ಕೇಳಲು ಹೋದರೆ ಇದೇ ಪುಸ್ತಕದ ಒಂದು ಪುಟ ತೆರೆದು ತೋರಿಸಿ, ಮಠದ ಅಪ್ಪಾರೇ ಬರೆದ ಮೇಲೆ ಇನ್ನು ನಿಮ್ಮದೇನು ಎಂದು ಬಾಯಿ ಮುಚ್ಚಿಸಿದ್ದ. ‘ಹೆಣ್ಣಿಗೆ ಒಲೆಯೇ ಪಾಠಶಾಲೆ, ಅಕ್ಷರ ಆಕೆಗೆ ಭಾರ’ ಎಂದು ಅಲ್ಲಿ ಅಚ್ಚಾಗಿತ್ತು. ಪುಸ್ತಕವನ್ನು ಇಸಿದುಕೊಂಡವರೇ ಅವರು ನೆಟ್ಟಗೆ ಮಠಕ್ಕೆ ಬಂದಿದ್ದರು.

ಆ ಸಾಲು ಓದಿ ಹೇಳಿ, ತಮ್ಮಂಥವರ ಲೇಖನಿಯಿಂದ ಇಂಥ ಮಾತು ಬರಬಹುದೇ ಎಂದು ಕೇಳಿದರು. ಭಕ್ತರ ಕೈಗಳು ನಿಂತವು. ಶ್ರೀಗಳು ಮಾತ್ರ ಹೊಟ್ಟೆತುಂಬ ನಕ್ಕರು.

“ಅದು ನಮ್ಮ ಮಾತಲ್ಲ, ತಾಯಿ. ನಾವು ಉತ್ತರ ಕೊಡಬೇಕಾದವರ ಮಾತು. ಮೊದಲು ಅವರಿಗೆ ಪೂರ್ತಿ ಹೇಳಾಕ ಬಿಟ್ಟೀವಿ. ಒಂದು ಪುಟ ಹಿಂದ ಹೋಗ್ರಿ, ಆಮ್ಯಾಲೆ ಮುಂದ ಬರ್ರಿ.”

ಹಿಂದಿನ ಪುಟದ ಕೊನೆಯಲ್ಲಿ ‘ಕೆಲವರು ಹೀಗೆ ವಾದಿಸುವರು’ ಎಂದಿತ್ತು. ಆ ವಾದ ಎರಡು ಪುಟ ನಡೆದ ಮೇಲೆ ‘ಆದರೆ’ ಎಂಬ ಪದ. ಅಲ್ಲಿಂದಾಚೆ ಶ್ರೀಗಳು ಅವರ ಒಂದೊಂದೇ ಕಾರಣವನ್ನು ಎತ್ತಿಕೊಂಡು, ಓದಿದ ತಾಯಂದಿರ ಉದಾಹರಣೆ ಕೊಟ್ಟು, ಅದೇಕೆ ನಿಲ್ಲದೆಂದು ತೋರಿಸಿದ್ದರು. ಹೆಣ್ಣುಮಗುವನ್ನು ಶಾಲೆಗೆ ಕಳಿಸುವುದೇ ತಂದೆಯ ಮೊದಲ ಪೂಜೆ ಎಂಬುದು ಅವರ ನಿರ್ಣಯವಾಗಿತ್ತು.

ಚಂಪಾವತಿಯವರಿಗೆ ನಾಚಿಕೆಯೂ ನಗುವೂ ಒಟ್ಟಿಗೆ ಬಂದವು. ದಿನವೂ ಪಾಠ ಓದಿಸುವ ತಾನೇ ಒಂದು ಪುಟ ನೋಡಿ ಇಡೀ ಪುಸ್ತಕಕ್ಕೆ ತೀರ್ಪು ಕೊಟ್ಟೆನಲ್ಲ ಎನ್ನಿಸಿತು. ಮಲಕಾಜಪ್ಪನಿಗೆ ಶ್ರೀಗಳೇ ಬುದ್ಧಿ ಹೇಳಬೇಕೆಂದು ಬೇಡಿಕೊಂಡರು.

“ನಾವು ಹೇಳಿದ್ರ ಅಂಜಿ ಒಪ್ಪತಾನ. ಮಗಳ ಕಡೆಯಿಂದ ಓದಸ್ರಿ, ತಿಳದು ಒಪ್ಪತಾನ,” ಎಂದರು ಶ್ರೀಗಳು.

ಅಂದು ಸಂಜೆ ಮನೆಯ ಕಟ್ಟೆಯ ಮೇಲೆ ಸಾವಂತ್ರಿ ಓದಿದಳು. ಮೊದಲ ಪುಟಗಳಿಗೆ ತಂದೆ ಖುಷಿಯಿಂದ ತಲೆದೂಗಿದ. ‘ಆದರೆ’ ಬಂದ ಮೇಲೆ ತಲೆದೂಗುವುದು ನಿಂತಿತು. ಮುಗಿದಾಗ, ಕಡೆಯ ಪುಟವನ್ನು ಇನ್ನೊಮ್ಮೆ ಓದಲು ಹೇಳಿದ. ಮರುದಿನ ಅವನೇ ಮಗಳನ್ನು ಶಾಲೆಯ ಬಾಗಿಲವರೆಗೆ ಬಿಟ್ಟುಹೋದ.

ಚಂಪಾವತಿಯವರು ನಿವೃತ್ತರಾದ ಮೇಲೂ ಸೋಮವಾರಕ್ಕೊಮ್ಮೆ ಮಠದಲ್ಲಿ ತಾಯಂದಿರನ್ನು ಕೂಡಿಸಿಕೊಂಡು ಶ್ರೀಗಳ ಪುಸ್ತಕಗಳನ್ನು ಓದಿ ಹೇಳುತ್ತಿದ್ದರು. ನಡುವಿನ ಪುಟದಿಂದ ಎಂದೂ ಆರಂಭಿಸುತ್ತಿರಲಿಲ್ಲ.