ಬಾಳವ್ವನ ಮನೆ

ಹಿರೇದಿನ್ನಿಗೆ ಬಂದವರು ಬಾಳವ್ವನ ಮನೆ ಯಾವುದೆಂದು ಕೇಳಿದರೆ ಊರವರು ನಗುತ್ತಾರೆ. ಕೇಳಿದವರು ಹೆಚ್ಚಾಗಿ ಅದರಲ್ಲೇ ನಿಂತಿರುತ್ತಾರೆ. ದಿನ್ನಿಯ ಇಳಿಜಾರಿನಲ್ಲಿ ಒಂದೇ ಸಾಲಾಗಿ ಕಟ್ಟಿದ ಮನೆಗಳ ನಡುವೆ, ಹಲ್ಲು ಬಿದ್ದ ಬಾಯಿಯಂತೆ, ಒಂದು ಮನೆಯಷ್ಟು ಜಾಗ ಖಾಲಿ ಇದೆ. ಆ ಬಯಲಿಗೇ ಬಾಳವ್ವನ ಮನೆ ಎಂದು ಹೆಸರು. ಅಲ್ಲಿ ಯಾರೂ ಒಂದು ಕರುವನ್ನೂ ಕಟ್ಟುವುದಿಲ್ಲ.

ಹಿಂದೆ ಒಮ್ಮೆ ಊರು ಕೆಳಗೆ ಹೊಳೆಯ ದಂಡೆಯಲ್ಲಿತ್ತಂತೆ. ಒಂದು ಶ್ರಾವಣದಲ್ಲಿ ಹೊಳೆ ಏರಿ ನಲವತ್ತೆರಡು ಮನೆಗಳನ್ನೂ ಕೊಂಡೊಯ್ದಿತು. ಉಳಿದ ಜನ ದಿನ್ನಿಯೇರಿ, ಕವಡೆ ಹಾಕಿ ಜಾಗ ಹಂಚಿಕೊಂಡು, ಮರುದಿನವೇ ಗೋಡೆಗೆ ಮಣ್ಣು ಕಲಸಲು ಹೊರಟರು. ತಡೆದವಳು ಸೂಲಗಿತ್ತಿ ಬಾಳವ್ವ. "ಗೋಡಿ ಆಮ್ಯಾಲ ಎಬ್ಬಸ್ರಿ. ಬೂದಿಲೆ ಗೆರಿ ಹಾಕ್ಕೊಂಡು, ಬರೂ ಮಳಿಗಾಲ ಮುಗಿಯೂತನಕ ಅದರೊಳಗ ಬಾಳೂಣು. ನೀರಿನ ಹಾದಿ ಮೊದಲ ತಿಳೀಲಿ" ಎಂದಳು. ಊರ ಹಿರಿಯ ಅಡಿವೆಪ್ಪಗೌಡ ಸಿಟ್ಟಾದ. "ನಿನ್ನ ಸೊಸಿ ಬಸರದಾಳ. ಬಯಲಾಗ ಹಡೀಬೇಕೇನು?" "ಆ ಕೂಸಿಂದ ಚಿಂತಿ ನನಗ, ಗೌಡ್ರ. ಒಮ್ಮಿ ಮುಳುಗಿದ್ದು ಸಾಲದೇನು?" ಅವಳ ಕೈಯಲ್ಲಿ ಹುಟ್ಟದವರು ಅಲ್ಲಿ ಕಡಿಮೆ; ಬೈದುಕೊಂಡೇ ಒಪ್ಪಿದರು.

ಗೆರೆಯೊಳಗೆ ಹಾಕಿದ ಜೋಳದ ಕಣಿಕೆಯ ಗುಡಿಸಲಲ್ಲಿ ಬಾಳವ್ವನ ಮೊಮ್ಮಗ ಹುಟ್ಟಿದ. ಮುಂದಿನ ಮಳೆಗಾಲ ಬಂತು. ಮೊದಲ ಮಳೆಗೆ ಎಲ್ಲರ ಗೆರೆಯೂ ಅಷ್ಟಿಷ್ಟು ಅಳಿಸಿತು. ಬಾಳವ್ವನದು ಗುಡಿಸಲ ಸಮೇತ ಹೋಯಿತು. ಮತ್ತೆ ಎಳೆದರು, ಮತ್ತೆ ಹೋಯಿತು. ಕಲ್ಲಿಲ್ಲದ ಮೆತ್ತನೆ ಮಣ್ಣೆಂದು ಊರೆಲ್ಲ ಹೊಟ್ಟೆಕಿಚ್ಚು ಪಟ್ಟ ಜಾಗವದು. ಆ ಮಣ್ಣನ್ನು ತಂದಿಟ್ಟದ್ದು ನೀರೇ ಎಂದು ಯಾರಿಗೂ ಹೊಳೆದಿರಲಿಲ್ಲ. ಸಿಟ್ಟಾಗಿದ್ದ ಗೌಡನೇ ಮುಂದೆ ಬಂದ. "ಮ್ಯಾಲ ಒಡ್ಡು ಹಾಕಿ ನೀರು ತಿರುಗಸೂಣು, ಬಾಳವ್ವ" ಎಂದ. "ತಿರುಗಿದ ನೀರು ಯಾರ ಮನಿ ಹೊಗಬೇಕ್ರಿ? ಅದಕ್ಕೂ ಒಂದು ಮನಿ ಇರ್ಲಿ" ಎಂದಳು ಅವಳು, ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು. ಕಣ್ಣು ತುಂಬಿತ್ತು ಎನ್ನುತ್ತಾರೆ. ತುಂಬದೆ ಇದ್ದೀತೆ?

ಮೂಡಣ ಬದಿಯ ಇಪ್ಪತ್ತು ಮನೆಯವರು ಅಂದೇ ತಂತಮ್ಮ ಜಾಗದಲ್ಲಿ ಒಂದೊಂದು ಗೇಣು ಬಿಟ್ಟುಕೊಟ್ಟು, ಗೆರೆಗಳನ್ನೆಲ್ಲ ಸರಿಸಿಕೊಂಡರು. ಸಾಲಿನ ತುದಿಯಲ್ಲಿ, ಬಂಡೆಯ ಪಕ್ಕಕ್ಕೆ, ಹತ್ತು ಮೊಳ ಅಗಲದ ಜಾಗ ಹುಟ್ಟಿತು. ಮಳೆಗಾಲ ಮುಗಿದ ಮೇಲೆ ಊರಿನ ಮೊದಲ ಗೋಡೆ ಎದ್ದದ್ದು ಅಲ್ಲಿ, ಬಾಳವ್ವನಿಗಾಗಿ.

ಈಗಲೂ ಜೋರು ಮಳೆಯಲ್ಲಿ ಕೆಂಪು ನೀರು ಆ ಬಯಲಲ್ಲಿ ಭೋರೆಂದು ಇಳಿದುಹೋಗುತ್ತದೆ. ಯಾರ ಹೊಸ್ತಿಲನ್ನೂ ಮುಟ್ಟುವುದಿಲ್ಲ. ತುದಿಯ ಕಿರುಮನೆಯಲ್ಲಿ ಬಾಳವ್ವನ ವಂಶದವರು ಇದ್ದಾರೆ. ಬಾಳವ್ವನ ಮನೆ ಇದೇನಾ ಎಂದು ಯಾರಾದರೂ ಕೇಳಿದರೆ ಅವರು ಖಾಲಿ ಜಾಗದತ್ತ ಕೈ ತೋರಿಸುತ್ತಾರೆ: "ನಾವು ಇರೂದು ಇಲ್ಲಿ. ನಮ್ಮ ಮನಿ ಅಲ್ಲೈತ್ರಿ."