ಗಾಳಿಗೆ ಬಿಸಿ ಹಂಚಿದ ತಂಬಿಗೆ

ಗುಡ್ಡದ ಮೇಲಿನ ಕುರಿಹಟ್ಟಿಯಲ್ಲಿ ಮಾಳಪ್ಪ ಜ್ವರ ಬಂದು ಮಲಗಿದ್ದ. ಹೆಂಡತಿ ಕೆಂಚವ್ವ ಕುದಿಯುವ ಗಂಜಿಯನ್ನು ತಾಮ್ರದ ತಂಬಿಗೆಗೂ ಸಾರನ್ನು ದಪ್ಪ ಮಣ್ಣಿನ ಗಡಿಗೆಗೂ ತುಂಬಿ, ಬಾಯಿ ಮುಚ್ಚಿ, ಬುಟ್ಟಿಯಲ್ಲಿಟ್ಟು ಹೊತ್ತು ಹೊರಟಳು.

ದಾರಿಯುದ್ದಕ್ಕೂ ತಂಬಿಗೆಗೆ ಸಂಭ್ರಮ. “ಬಾ ಗಾಳಿರಾಯ, ಮುಟ್ಟಿ ನೋಡು, ನಾನು ಹೇಗೆ ಸುಡುತ್ತಿದ್ದೇನೆ!” ಎಂದು ಬೀಸಿದ ಗಾಳಿಗೆಲ್ಲ ಮೈಯೊಡ್ಡಿತು. ಆಮೇಲೆ ಪಕ್ಕಕ್ಕೆ ತಿರುಗಿ, “ಗಡಿಗೆಯಕ್ಕ, ನಿನ್ನನ್ನು ಮುಟ್ಟಿದರೆ ಒಳಗೆ ಬಿಸಿ ಸಾರಿದೆಯೆಂದು ಯಾರೂ ನಂಬುವುದಿಲ್ಲ” ಎಂದು ನಕ್ಕಿತು.

“ನಂಬದಿದ್ದರೆ ಬಿಡಲಿ ತಂಗಿ. ಉಣ್ಣುವವನು ಇನ್ನೂ ಗುಡ್ಡದ ಮೇಲಿದ್ದಾನೆ” ಎಂದಿತು ಗಡಿಗೆ.

ಹಟ್ಟಿ ತಲುಪಿ ಕೆಂಚವ್ವ ಮುಚ್ಚಳ ತೆಗೆದಾಗ ಗಂಜಿ ತಣ್ಣಗಾಗಿ ಕೆನೆಗಟ್ಟಿತ್ತು. ಮಾಳಪ್ಪ ಒಂದು ಗುಟುಕು ಕುಡಿದವನೇ ಗಡಗಡ ನಡುಗಿ ಮುಖ ತಿರುಗಿಸಿದ. ತಂಬಿಗೆಗೆ ನಾಚಿಕೆಯಾಯಿತು. ಗಡಿಗೆಯ ಸಾರು ಮಾತ್ರ ಇನ್ನೂ ಹಬೆಯಾಡುತ್ತಿತ್ತು. ಕೆಂಚವ್ವ ಅದನ್ನೇ ಗಂಜಿಗೆ ಸುರಿದು ಕಲಸಿ, ತಂಬಿಗೆಯನ್ನು ಗಂಡನ ತುಟಿಗೆ ಹಿಡಿದಳು.

ಮೈ ಮತ್ತೆ ಬೆಚ್ಚಗಾಗುತ್ತಲೇ ತಂಬಿಗೆ ಅವಸರ ಅವಸರವಾಗಿ ಹೇಳಿತು: “ಮಾಳಣ್ಣ, ಬೇಗ ಕುಡಿದುಬಿಡು. ನನ್ನ ಕೈಯಲ್ಲಿ ಬಿಸಿ ಬಹಳ ಹೊತ್ತು ನಿಲ್ಲುವುದಿಲ್ಲ.”